ರಂಜಕ ನ್ಯಾಯಾಧಿಕರಣಕ್ಕೊಂದು ಅರ್ಜಿ

ಚೆನ್ನೈಯ ನಮ್ಮ ಕ್ರೋಂಪೇಟೆಯವರಂಥ ದಾನಿಗಳನ್ನು ನೀವು ಬೇರೆಲ್ಲೂ ನೋಡಿರಲಾರಿರಿ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ, ನಮ್ಮದು ಎಡಗೈಗೆ ಮಾತ್ರ ತಿಳಿಯುವ ದಾನ. ಫಿಲ್ಟರ್ ಕಾಫಿ ಗಂಟಲಿಳಿದ ಸ್ವಲ್ಪ ಹೊತ್ತಿಗೆ ಶುರುವಾಗಿ, ಜಿಎಸ್‌ಟಿ ರಸ್ತೆಯ ಬಸ್ಸುಗಳು ತುಂಬಿಕೊಳ್ಳುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ರಸೀದಿ ಇಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಿಲ್ಲ, 80ಜಿ ವಿನಾಯಿತಿಯೂ ಇಲ್ಲ. ಜಿಎಸ್‌ಟಿ ರಸ್ತೆಯ ಮಗ್ಗುಲಲ್ಲೇ ನಡೆದರೂ ಜಿಎಸ್‌ಟಿ ಬೀಳದ ವಹಿವಾಟು ಇದೊಂದೇ ಇರಬೇಕು. ತಲೆಗೆ ದಿನಕ್ಕೆ ಒಂದು ಗ್ರಾಂ ಮೇಲೆ ಚಿಲ್ಲರೆ ರಂಜಕ, ಅಂದರೆ ಗೊಬ್ಬರದಂಗಡಿಯವರು ಹೇಳುವ ಫಾಸ್ಫರಸ್, ಹೆಚ್ಚುಕಮ್ಮಿ ವರ್ಷಕ್ಕೆ ಅರ್ಧ ಕಿಲೋ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂತ್ರದಲ್ಲೇ ಹೋಗುತ್ತದೆ.

ಅರ್ಧ ಕಿಲೋ ತಾನೇ ಎಂದು ಮೂಗು ಮುರಿಯಬೇಡಿ (ಮೂಗು ಮುಚ್ಚಿಕೊಳ್ಳುವುದು ನಿಮಗೆ ಬಿಟ್ಟದ್ದು). 50 ಕಿಲೋದ ಡಿಎಪಿ ಗೊಬ್ಬರದ ಮೂಟೆಯಲ್ಲಿರುವ ರಂಜಕ ಸುಮಾರು 10 ಕಿಲೋ. 20 ಜನ ಒಂದು ವರ್ಷ ನಿಯಮ ತಪ್ಪದೆ ಕಕ್ಕಸಿಗೆ ಹೋದರೆ ಒಂದು ಮೂಟೆ ಡಿಎಪಿಯಷ್ಟು ರಂಜಕ ಕೊಟ್ಟ ಹಾಗೆ. ಐದಾರು ಸಂಸಾರದ ಸಣ್ಣ ಫ್ಲ್ಯಾಟು ವರ್ಷಕ್ಕೊಂದು ಮೂಟೆ ಕೊಡುತ್ತದೆ. ಲಕ್ಷ ಜನರ ಬಡಾವಣೆ 5000 ಮೂಟೆ. ನಮ್ಮ ಕಾರ್ಪೊರೇಷನ್ನು ಅಂದರೆ ತಾಂಬರಂ, 2021ರಲ್ಲಿ ಪಲ್ಲಾವರಂ ಮೊದಲಾದ ಐದು ಪುರಸಭೆ, ಐದು ಪಟ್ಟಣ ಪಂಚಾಯಿತಿ ಸೇರಿಸಿ ಮಾಡಿದ್ದು. ಅದರ ಬಜೆಟ್ಟಿನಲ್ಲಿ ಈ ಆದಾಯದ ಬಾಬತ್ತು ಎಲ್ಲಿದೆ ಎಂದು ಹುಡುಕಿ ದಣಿಯಬೇಡಿ. ಅದು ಖರ್ಚಿನ ಪಟ್ಟಿಯಲ್ಲಿದೆ, ಪಂಪು ಮತ್ತು ಪೈಪಿನ ಹೆಸರಿನಲ್ಲಿ.

ಹ್ಯಾಂಬರ್ಗಿನ ಹೆನ್ನಿಗ್ ಬ್ರ್ಯಾಂಡ್ ಎಂಬ ರಸವಾದಿ 1669ರಲ್ಲಿ ಬಕೆಟ್ಟುಗಟ್ಟಲೆ ಮೂತ್ರ ಕೂಡಿಟ್ಟು, ಕೊಳೆಸಿ, ಕುದಿಸಿ, ಭಟ್ಟಿ ಇಳಿಸಿದ. ಹಳದಿ ಬಣ್ಣದ್ದು ತಾನೆ, ಚಿನ್ನ ಬಂದೇ ಬರುತ್ತದೆ ಎಂಬುದು ಅವನ ತರ್ಕ. ಚಿನ್ನ ಬರಲಿಲ್ಲ. ಕತ್ತಲಲ್ಲಿ ತಣ್ಣಗೆ ಹೊಳೆಯುವ ಒಂದು ವಸ್ತು ಬಂತು, ಅದೇ ರಂಜಕ. ಅದೇ ಊರಲ್ಲಿ 1845ರಲ್ಲಿ, ಸಂತ ನಿಕೋಲಸ್ ಚರ್ಚಿಗೆ ಅಡಿಪಾಯ ತೋಡುವಾಗ ಹಳೆಯ ತಿಪ್ಪೆಯ ಪದರದೊಳಗೆ ಹರಳುಗಳು ಸಿಕ್ಕವು. ಅದಕ್ಕೆ ಸ್ಟ್ರುವೈಟ್ ಎಂದು ಹೆಸರಿಟ್ಟರು. ಮೆಗ್ನೀಸಿಯಂ, ಅಮೋನಿಯ, ಫಾಸ್ಫೇಟ್ ಮೂರೂ ಸೇರಿದ ಹರಳು ಅದು. ಮೂರೂ ಗೊಬ್ಬರದ ಅಂಶಗಳೇ, ಮಣ್ಣಿಗೆ ಹಾಕಿದರೆ ನಿಧಾನವಾಗಿ ಕರಗುತ್ತದೆ. ಈಗ ಆ ಹ್ಯಾಂಬರ್ಗಿನವರು ತಮ್ಮ ಕೊಳಚೆ ಸ್ಥಾವರದಲ್ಲೇ, ಸ್ಲಡ್ಜ್ (ಕೊಳಚೆಯ ಕೆಸರು) ಸುಟ್ಟ ಬೂದಿಯಿಂದ ಫಾಸ್ಫೋರಿಕ್ ಆಮ್ಲ ತೆಗೆಯುವ ಘಟಕ ಕಟ್ಟಿಕೊಂಡಿದ್ದಾರೆ. ಮುನ್ನೂರೈವತ್ತು ವರ್ಷದಿಂದ ಒಂದೇ ಊರು ಒಂದೇ ವಸ್ತುವಿನ ಬೆನ್ನು ಬಿದ್ದಿದೆ. ಇಂಥ ಹಟಮಾರಿತನ ನಮ್ಮ ಕಡೆ ಗಡಿ ತಂಟೆಗಳಲ್ಲಿ ಮಾತ್ರ ಕಾಣಸಿಗುತ್ತದೆ.

ಗಡಿ ಎಂದಾಗ ನೆನಪಾಯಿತು. ಮೊನ್ನೆ ಮಂಡ್ಯದ ನನ್ನ ಸೋದರಮಾವ ಫೋನ್ ಮಾಡಿದ್ದರು.

"ಏನ್ಲಾ ಅಳಿಯ, ಚೆಂದಾಗಿದ್ದೀಯಾ?"

"ಚೆನ್ನಾಗಿದ್ದೀನಿ ಮಾವ. ಎಲ್ಲಿದ್ದೀರಿ, ಏನು ಗದ್ದಲ ಅದು?"

"ಸೊಸೈಟಿ ತಾವ ಕಣಪ್ಪ. ಡಿಎಪಿ ಬತ್ತದೆ ಅಂದ್ರು, ಕೋಳಿ ಕೂಗೋ ಹೊತ್ಗೆ ಬಂದು ನಿಂತಿವ್ನಿ. ಈಗ ಚಪ್ಲಿ ಸಾಲ್ನಲ್ಲಿ ಬುಟ್ಟು ಟೀ ಕುಡಿಯಾಕೆ ಬಂದೆ."

"ಮೊರಾಕ್ಕೊದಿಂದ ಹಡಗು ಬರಬೇಕು ಮಾವ, ಅದಕ್ಕೇ ತಡ."

"ಎಲ್ಲದೆ ಅದು? ಮದ್ದೂರಿಂದ ಆಚ್ಕಾ?"

ಆಚೆಗೇ. ಭೂಮಿಯ ಮೇಲೆ ಪತ್ತೆಯಾಗಿರುವ ಫಾಸ್ಫೇಟ್ ಕಲ್ಲಿನ ನಿಕ್ಷೇಪದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಆ ದೇಶದ ಒಬ್ಬ ಅರಸನ ಕೈಯಲ್ಲಿದೆ. ನಮ್ಮಲ್ಲಿ ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ಒಂದಿಷ್ಟು ಸಿಗುತ್ತದೆ, ದೇಶದ ಹಸಿವಿಗೆ ಅದು ಯಾವ ಮೂಲೆಗೂ ಸಾಲದು. ಹಾಗಾಗಿ ಕಲ್ಲು, ಆಮ್ಲ, ಸಿದ್ಧ ಡಿಎಪಿ ಎಲ್ಲವೂ ಮೊರಾಕ್ಕೊ, ಜೋರ್ಡನ್, ಸೌದಿ, ಚೀನಾ, ರಷ್ಯಾದಿಂದ ಹಡಗಿನಲ್ಲಿ ಬರಬೇಕು. 2021ರಲ್ಲಿ ಚೀನಾ ರಫ್ತಿಗೆ ತಡೆ ಹಾಕಿತು, ಮರುವರ್ಷ ಯುಕ್ರೇನ್ ಯುದ್ಧ ಬಂತು. ಬೀಜಿಂಗಿನಲ್ಲಿ ಯಾರೋ ಒಂದು ಕಾಗದಕ್ಕೆ ಸಹಿ ಹಾಕಿದರೆ ಮಂಡ್ಯದಲ್ಲಿ ಮಾವನ ಚಪ್ಪಲಿ ಸಾಲಿನಲ್ಲಿ ನಿಲ್ಲುತ್ತದೆ.

ಮಾವ ಗದ್ದೆಗೆ ಹಾಕಿದ ಮೊರಾಕ್ಕೊದ ರಂಜಕ ಭತ್ತಕ್ಕೆ ಹೋಯಿತು. ನಮ್ಮ ಬೀದಿಯ ಅಕ್ಕಿ ಅಂಗಡಿಯಲ್ಲಿ 'ಕರ್ನಾಟಕ ಪೊನ್ನಿ' ಎಂಬ ಚೀಲವಿದೆ. ಚೆನ್ನೈಯಲ್ಲಿ ಕನ್ನಡನಾಡಿನ ಹೆಸರು ಇಷ್ಟು ಗೌರವದಿಂದ ಕೇಳಿಬರುವ ಇನ್ನೊಂದು ಸ್ಥಳವನ್ನು ನಾನು ಕಂಡಿಲ್ಲ. ಆ ಅಕ್ಕಿ ನಮ್ಮ ಸಾರಿಗೆ, ಮೊಸರಿಗೆ ಸೇರಿ, ಮರುದಿನ ಬೆಳಗ್ಗೆ ದಾನಕ್ಕೆ ಸಿದ್ಧ. ಅಲ್ಲಿಂದ ಪೈಪು, ಪೈಪಿನಿಂದ ಪೆರುಂಗುಡಿಯ ಕೊಳಚೆ ಸ್ಥಾವರ, ಅಲ್ಲಿಂದ ಪಳ್ಳಿಕರಣೈ ಜೌಗು, ಬಕಿಂಗ್‌ಹ್ಯಾಂ ಕಾಲುವೆ, ಬಂಗಾಳ ಕೊಲ್ಲಿ. ಮೊರಾಕ್ಕೊದ ಕಲ್ಲು ಮಂಡ್ಯ ನೋಡಿಕೊಂಡು, ಕ್ರೋಂಪೇಟೆಯಲ್ಲಿ ಒಂದು ರಾತ್ರಿ ತಂಗಿ, ಸಮುದ್ರಸ್ನಾನ ಮಾಡುತ್ತದೆ. ಟಿಕೆಟ್ಟಿನ ಹಣದಲ್ಲಿ ದೊಡ್ಡ ಪಾಲು ಭಾರತ ಸರ್ಕಾರದ್ದು.

ಇಲ್ಲಿ ನನಗೊಂದು ತಕರಾರಿದೆ. ಕಾವೇರಿಯಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಬಿಳಿಗುಂಡ್ಲುವಿನಲ್ಲಿ ಹರಿದದ್ದನ್ನು ಅಳೆಯಲು ಮಾಪನ ಕೇಂದ್ರವಿದೆ, ಬಿಟ್ಟದ್ದನ್ನು ಬಿಟ್ಟಿಲ್ಲವೆನ್ನಲು ಒಂದು ಪ್ರಾಧಿಕಾರ, ಅದರ ಕೆಳಗೆ ಒಂದು ಸಮಿತಿ, ಎರಡೂ ಕಡೆ ಹಿರಿಯ ವಕೀಲರು. ಆದರೆ ಅದೇ ಕಾವೇರಿಯ ಗದ್ದೆಯಿಂದ ಅಕ್ಕಿ ಮೂಟೆಯೊಳಗೆ ಕೂತು ಹೊಸೂರು ದಾಟುವ ರಂಜಕವನ್ನು ಅಳೆದವರು ಯಾರು? 25 ಕಿಲೋ ಚೀಲಕ್ಕೆ 25 ಗ್ರಾಂನಷ್ಟು ಹೋಗುತ್ತಿದೆ, ಸ್ವಾಮಿ! ಇದಕ್ಕಾಗಿ ಒಂದು ಬಂದ್ ಆಯಿತೇ? ಮಂಡ್ಯದಲ್ಲಿ ಒಂದು ಟೈರಾದರೂ ಉರಿಯಿತೇ? ತಕ್ಷಣ ರಂಜಕ ನ್ಯಾಯಾಧಿಕರಣ ರಚನೆಯಾಗಲಿ. ಕರ್ನಾಟಕದ ವಾದ: ಅಕ್ಕಿ ಕೊಟ್ಟಿದ್ದೇವೆ, ತಿಂದ ಮೇಲೆ ಉಳಿದದ್ದನ್ನು ವಾಪಸು ಕಳಿಸಬೇಕು. ತಮಿಳುನಾಡಿನ ವಾದ: ಅಕ್ಕಿಗೆ ದುಡ್ಡು ಕೊಟ್ಟಿದ್ದೇವೆ, ಮುಂದಿನದು ನಮ್ಮ ಪಾರಂಪರಿಕ ಹಕ್ಕು. ಈ ಒಂದು ದಾವೆ ಹೂಡಿದರೆ ಸಾಕು, ಮರುದಿನದಿಂದಲೇ ಎರಡೂ ರಾಜ್ಯಗಳು ತಮ್ಮ ತಮ್ಮ ಕೊಳಚೆಯನ್ನು ಪ್ರಾಣದಂತೆ ಕಾಯುತ್ತವೆ. ನಮ್ಮಲ್ಲಿ ವಸ್ತುವಿಗೆ ಬೆಲೆ ಬರಬೇಕಾದರೆ ಪಕ್ಕದ ಮನೆಯವರು ಅದನ್ನು ಕೇಳಬೇಕು.

ಇಷ್ಟನ್ನೂ ಮಾವನಿಗೆ ವಿವರಿಸಿ, "ನಿಮ್ಮ ಗೊಬ್ಬರ ಇಲ್ಲೇ ನಮ್ಮ ಕಕ್ಕಸಿನಲ್ಲಿ ಹೋಗುತ್ತಿದೆ ಮಾವ" ಎಂದೆ.

"ಥೂ, ಟೀ ಕುಡಿಯೋ ಹೊತ್ನಲ್ಲಿ ಎಂಥ ಮಾತಾಡ್ತೀಯಲಾ!" ಎಂದರು. ಆಮೇಲೆ ಲೋಟ ಕೆಳಗಿಟ್ಟ ಸದ್ದು ಕೇಳಿತು. "ಮೂಟೆ ಎಷ್ಟಕ್ಕೆ ಬೀಳ್ತದೆ?"

ರೈತನ ಮಡಿ ಅಲ್ಲಿಗೆ ಮುಗಿಯುತ್ತದೆ. ಬೆಂಗಳೂರಿನ ಸುತ್ತಲ ಬಾಳೆತೋಟಗಳಿಗೆ ಹನಿಸಕ್ಕರ್ ಲಾರಿಗಳು ಪಿಟ್ಟು ಖಾಲಿ ಮಾಡಿ ತಂದದ್ದನ್ನು ಸುರಿಸಿಕೊಂಡವರು ರೈತರೇ. ದೇವನಹಳ್ಳಿಯಲ್ಲಿ 2015ರಲ್ಲಿ ಇಡೀ ಊರಿನ ಪಿಟ್ಟಿನ ಹೂಳನ್ನು ಸಂಸ್ಕರಿಸುವ ಘಟಕ ಶುರುವಾದಾಗ, ಕಸದೊಡನೆ ಕೊಳೆಸಿ ಮಾಡಿದ ಗೊಬ್ಬರ ಕೊಳ್ಳಲು ಬಂದವರೂ ರೈತರೇ. ಕಾವೇರಿಯ ದಂಡೆಯಲ್ಲೇ ಇರುವ ಮುಸಿರಿ ಎಂಬ ಊರಲ್ಲಿ ಸ್ಕೋಪ್ ಎಂಬ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಮಲ ಮೂತ್ರ ಬೇರೆ ಬೇರೆ ಹಿಡಿಯುವ ಸಾರ್ವಜನಿಕ ಶೌಚಾಲಯ ಕಟ್ಟಿ, ಒಳಗೆ ಹೋದವರಿಂದ ಕಾಸು ಕೀಳುವ ಬದಲು ಹೋದವರಿಗೇ ಕಾಸು ಕೊಟ್ಟಿತು. ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆಗಾಗಿ ಪರದಾಡಿದವರಿಗೆ ಇದರ ಮಹತ್ವ ತಾನಾಗಿ ತಿಳಿಯುತ್ತದೆ.

ವಿದ್ಯೆಯ ಕೊರತೆ ಎನ್ನೋಣವೆಂದರೆ ಆ ನೆಪವೂ ಇಲ್ಲ. ಗಿಲ್ಬರ್ಟ್ ಫೌಲರ್ ಎಂಬಾತ ಮ್ಯಾಂಚೆಸ್ಟರಿನವನು. ಇವತ್ತು ಲೋಕದ ಕೊಳಚೆ ಸ್ಥಾವರಗಳು ಹೆಚ್ಚಾಗಿ ನೆಚ್ಚಿಕೊಂಡಿರುವ ಆಕ್ಟಿವೇಟೆಡ್ ಸ್ಲಡ್ಜ್ ವಿಧಾನ 1914ರಲ್ಲಿ ಹುಟ್ಟಿದ್ದು ಅವನ ಮಾರ್ಗದರ್ಶನದಲ್ಲಿ. ಎರಡೇ ವರ್ಷಕ್ಕೆ, 1916ರಲ್ಲಿ, ಆತ ಬಂದು ಕೂತದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಕೊಳಚೆಯಲ್ಲಿ ಹಾಳಾಗುವ ಗೊಬ್ಬರವನ್ನು ಮಣ್ಣಿಗೆ ಹಿಂತಿರುಗಿಸುವುದು ಹೇಗೆಂಬುದೇ ಅವನ ಆಯುಷ್ಯದ ಚಿಂತೆ. ಅದೇ ಬೆಂಗಳೂರಿನಲ್ಲಿ 1939ರ ಹೊತ್ತಿಗೆ ಸಿ.ಎನ್. ಆಚಾರ್ಯರು ಊರ ಕಸದ ಪದರದ ಮೇಲೆ ಮಲದ ಪದರ ಹಾಕಿ ಗುಂಡಿಯಲ್ಲಿ ಕೊಳೆಸುವ ವಿಧಾನ ರೂಪಿಸಿದರು. ಲೋಕದ ಕೃಷಿ ಪಠ್ಯಗಳಲ್ಲಿ ಅದಕ್ಕೆ ಇವತ್ತಿಗೂ 'ಬೆಂಗಳೂರು ವಿಧಾನ' ಎಂದೇ ಹೆಸರು. ಬೆಂಗಳೂರಿನವರಿಗೆ ಮಾತ್ರ ಬೆಂಗಳೂರು ವಿಧಾನವೆಂದರೆ ಬೆಳ್ಳಂದೂರು: ಸೋಪಿನ ಪುಡಿಯೂ ಕಕ್ಕಸಿನ ಫಾಸ್ಫೇಟೂ ಒಂದಾಗಿ ಕೆರೆಗೆ ಸೇರಿ, ನೊರೆಯೆದ್ದು ರಸ್ತೆಗೆ ಹಾರಿ, ಕೊನೆಗೆ ನೀರಿಗೇ ಬೆಂಕಿ ಹತ್ತುವುದು. ಬ್ರ್ಯಾಂಡನಿಗೆ ರಂಜಕ ಹೊಳೆಸಲು ಭಟ್ಟಿ ಬೇಕಾಯಿತು, ನಮಗೆ ಒಂದು ಕೆರೆ ಸಾಕಾಯಿತು.

ನಮ್ಮ ಪೇಟೆಗಿರುವ ವಿಶೇಷ ತೊಡಕನ್ನೂ ಹೇಳಿಬಿಡಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಚೇಂಬರ್ಸ್ ಎಂಬ ದೊರೆ ಇಲ್ಲಿ ಕ್ರೋಂ ಲೆದರ್ ಕಂಪನಿ ಕಟ್ಟಿದ, ಅದರಿಂದಲೇ ಊರಿಗೆ ಹೆಸರು. ಅದಕ್ಕೂ ಮುಂಚೆ ಮದ್ರಾಸಿನಲ್ಲಿ ಕ್ರೋಂ ಹದದ ಪ್ರಯೋಗ ಮಾಡಿದ ಆಲ್ಫ್ರೆಡ್ ಚಾಟರ್ಟನ್ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ, ಹಾಗಾಗಿ ಈ ಪಾಪದಲ್ಲೂ ನಮ್ಮ ಎರಡು ರಾಜ್ಯಗಳು ಪಾಲುದಾರರು. ನಾಗಲ್ಕೇಣಿಯ ಟ್ಯಾನರಿಗಳ ನೀರು ನೆಲಕ್ಕಿಳಿದು ಬಾವಿಗಳಲ್ಲಿ ಕ್ರೋಮಿಯಂ ಬಂತು. ಸುಪ್ರೀಂ ಕೋರ್ಟು 1996ರ ಆಗಸ್ಟಿನಲ್ಲಿ, ವೆಲ್ಲೂರಿನವರ ಪ್ರಸಿದ್ಧ ಮೊಕದ್ದಮೆಯಲ್ಲಿ, ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಯ ಟ್ಯಾನರಿಗಳಿಗೆ ತಲಾ 10,000 ರೂಪಾಯಿ ದಂಡ ಹಾಕಿತು. ನೆಲದಡಿಯ ನೀರನ್ನು ತಲೆಮಾರುಗಟ್ಟಲೆ ಕೆಡಿಸುವ ಪರವಾನಗಿಗೆ ಇಷ್ಟು ಅಗ್ಗದ ದರ ಸಿಕ್ಕುವುದು ಕಷ್ಟ. ಈಗ ನಿಯಮ ಏನೆಂದರೆ, ಊರ ಕಸದ ಗೊಬ್ಬರದ ಒಂದು ಕಿಲೋದಲ್ಲಿ ಕ್ರೋಮಿಯಂ 50 ಮಿಲಿಗ್ರಾಂ ಮೀರಬಾರದು. ಟ್ಯಾನರಿಯ ನೀರು ಬೆರೆತ ಕಡೆಯ ಸ್ಲಡ್ಜನ್ನು ಹಾಗೇ ಗದ್ದೆಗೆ ಸುರಿದರೆ ರಂಜಕ ಒಂದು ಪಾಲು, ವಿಷ ಎರಡು ಪಾಲು. ಅಧಿಕಾರಿಗಳಿಗೆ ಇದು ಬಲು ಪ್ರಿಯವಾದ ವಾದ. "ಹೆವಿ ಮೆಟಲ್ ಇದೆ ಸರ್" ಎಂದರೆ ಕಡತ ಮುಚ್ಚಬಹುದು.

ಹ್ಯಾಂಬರ್ಗಿನ ಹರಳು ಬೇಕಾಗುವುದು ಇಲ್ಲೇ. ಸ್ಲಡ್ಜನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಸಿ ಹಿಂಡಿದಾಗ ಬರುವ ನೀರಿನಲ್ಲಿ ರಂಜಕವೂ ಅಮೋನಿಯವೂ ದಟ್ಟವಾಗಿರುತ್ತವೆ. ಅದಕ್ಕೆ ಮೆಗ್ನೀಸಿಯಂ ಉಪ್ಪು ಹಾಕಿ, ಕ್ಷಾರ ಸ್ವಲ್ಪ ಏರಿಸಿದರೆ ಸ್ಟ್ರುವೈಟ್ ಹರಳುಗಟ್ಟಿ ಕೆಳಗೆ ಕೂರುತ್ತದೆ. ಲೋಹಗಳು ಬಹುಪಾಲು ಸ್ಲಡ್ಜಿನಲ್ಲೇ ಉಳಿಯುತ್ತವೆ, ಹರಳು ಶುದ್ಧ. ಹಾಗಂತ ಇದೇನು ಅಕ್ಷಯಪಾತ್ರೆಯಲ್ಲ. ಒಳಗೆ ಬಂದ ರಂಜಕದಲ್ಲಿ ಈ ದಾರಿಯಲ್ಲಿ ಕೈಗೆ ಸಿಗುವುದು ಒಂದು ಪಾಲು ಮಾತ್ರ, ಹೆಚ್ಚು ಬೇಕಾದವರು ಬೂದಿಯ ದಾರಿ ಹಿಡಿಯಬೇಕು, ಅದಕ್ಕೆ ದುಡ್ಡೂ ಹೆಚ್ಚು. ಆದರೆ ತಮಾಷೆ ನೋಡಿ. ಯಾರೂ ಕರೆಯದಿದ್ದರೂ ಈ ಹರಳು ಸ್ಥಾವರದ ಪೈಪಿನೊಳಗೆ ತಾನೇ ಬಂದು ಕಲ್ಲಾಗಿ ಕಟ್ಟಿಕೊಳ್ಳುತ್ತದೆ. ಕೆನಡಾದ ಎಡ್ಮಂಟನ್, ಅಮೆರಿಕದ ಶಿಕಾಗೊ ಮೊದಲಾದ ಊರುಗಳವರು ಇದನ್ನು ಪೈಪಿನ ಬದಲು ಬೇರೆ ತೊಟ್ಟಿಯಲ್ಲಿ ಕಟ್ಟಿಸಿ, ಗುಳಿಗೆ ಮಾಡಿ ಮಾರಿದರು. ಉಳಿದವರು ಸುತ್ತಿಗೆಯಲ್ಲಿ ಒಡೆದು ಬಿಸಾಡುತ್ತಾರೆ. ಮೂತ್ರಪಿಂಡದಲ್ಲಿ ಸೋಂಕಾದಾಗ ಕಟ್ಟುವ ಒಂದು ಬಗೆಯ ಕಲ್ಲೂ ಇದೇ ಹರಳು. ಅದಕ್ಕಾದರೆ ಆಸ್ಪತ್ರೆಯಲ್ಲಿ ಲಕ್ಷಗಟ್ಟಲೆ ಸುರಿದು, ತೆಗೆದದ್ದನ್ನು ಪುಟ್ಟ ಡಬ್ಬಿಯಲ್ಲಿ ಮನೆಗೆ ತಂದು ನೆಂಟರಿಗೆಲ್ಲ ತೋರಿಸುತ್ತೇವೆ.

ನಮ್ಮ ಸ್ಥಾವರಗಳು ರಂಜಕ ಹಿಡಿಯಲೇಬೇಕೆಂಬ ಒತ್ತಾಯವಾದರೂ ಇದೆಯೇ? ಕೇಂದ್ರದ ಪರಿಸರ ಮಂತ್ರಾಲಯ 2017ರ ಅಕ್ಟೋಬರಿನಲ್ಲಿ ಕೊಳಚೆ ಸ್ಥಾವರಗಳಿಗೆ ಮಾನದಂಡ ಹೊರಡಿಸಿತು. ಪಿಎಚ್, ಬಿಒಡಿ, ತೇಲುವ ಕಣ, ಮಲದ ಕೋಲಿಫಾರ್ಮ್, ಈ ನಾಲ್ಕು ಪಾಸಾದರೆ ನೀರು ಪಾಸು. ರಂಜಕ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪರೀಕ್ಷೆಗಿಲ್ಲದ ಪಾಠವನ್ನು ಯಾವ ಹುಡುಗ ಓದಿದ್ದಾನೆ?

ಆದರೂ ನಮ್ಮಲ್ಲಿ ರಂಜಕ ಹಿಡಿಯುತ್ತಿಲ್ಲ ಎನ್ನುವುದು ಅಪವಾದ. ತಾಂಬರಂ ಸುತ್ತಿನ ಯಾವ ಕೆರೆಗಾದರೂ ಹೋಗಿ ನೋಡಿ. ಒಳಚರಂಡಿ ಬರದ ಬೀದಿಗಳ ಕೊಳಚೆ ಮಳೆನೀರ ಮೋರಿಗೆ, ಮೋರಿ ಕೆರೆಗೆ. ಕೆರೆಯ ತುಂಬ ದಟ್ಟ ಹಸಿರು, ತಮಿಳಿನವರು ಆಗಾಯತ್ತಾಮರೈ ಎನ್ನುವ ಜಲಕಳೆ. ಕರೆಂಟಿಲ್ಲ, ಇಂಜಿನಿಯರಿಲ್ಲ, ಅದು ಹಗಲೂ ರಾತ್ರಿ ರಂಜಕ ಹೀರುತ್ತದೆ. ಕೆರೆ ಮುಚ್ಚಿಹೋದ ಮೇಲೆ ಟೆಂಡರು ಕರೆಯುತ್ತಾರೆ. ಜೆಸಿಬಿ ಬಂದು ಕಳೆಯನ್ನೆಲ್ಲ ಬಾಚಿ ಏರಿಯ ಮೇಲೆ ರಾಶಿ ಹಾಕುತ್ತದೆ, ಪತ್ರಿಕೆಗೆ ಫೋಟೋ. ಅದು ಅಲ್ಲೇ ಕೊಳೆಯುತ್ತದೆ, ಐಪ್ಪಸಿಯ ಮಳೆ ಬೀಳುತ್ತದೆ, ರಂಜಕ ಕರಗಿ ಪುನಃ ಕೆರೆಗಿಳಿಯುತ್ತದೆ. ಪೊಂಗಲ್ ಕಳೆಯುವಷ್ಟರಲ್ಲಿ ಕೆರೆ ಹಸಿರು, ಮತ್ತೆ ಟೆಂಡರು. ಒಂದು ಗ್ರಾಂ ರಂಜಕವೂ ಪೋಲಾಗದೆ ವರ್ಷವರ್ಷವೂ ಬಿಲ್ಲು ಹುಟ್ಟಿಸುವ ಇಂಥ ಚಕ್ರವನ್ನು ಜರ್ಮನಿಯವರು ಕನಸಿನಲ್ಲೂ ಕಂಡಿರಲಾರರು. 'ಸರ್ಕ್ಯುಲರ್ ಎಕಾನಮಿ' ಎಂದು ವಿಚಾರಸಂಕಿರಣಗಳಲ್ಲಿ ಬಾಯಿತುಂಬ ಹೇಳುತ್ತಾರಲ್ಲ, ಸುತ್ತುವುದಂತೂ ಸುತ್ತುತ್ತಿದೆ. ಇವೆಲ್ಲ ಸೇರುವ ಪಳ್ಳಿಕರಣೈ ಜೌಗಿಗೆ 2022ರಲ್ಲಿ ರಾಮ್ಸಾರ್ ಮಾನ್ಯತೆಯೂ ಬಂದಿದೆ. ಒಂದು ಮಗ್ಗುಲಲ್ಲಿ ಕೊಳಚೆ ಸ್ಥಾವರ, ಇನ್ನೊಂದು ಮಗ್ಗುಲಲ್ಲಿ ಕಸದ ಗುಡ್ಡ, ನಡುವೆ ಅಂತರರಾಷ್ಟ್ರೀಯ ಮಹತ್ವ.

ಇತ್ತ ಗೊಬ್ಬರ ಮಾಡುವುದಕ್ಕೆ ಚೆನ್ನೈ ಪಡುವ ಪಾಡು ಬೇರೆ. 2023ರ ಡಿಸೆಂಬರ್ 26ರ ನಡುರಾತ್ರಿ ಎಣ್ಣೂರಿನ ಗೊಬ್ಬರ ಕಾರ್ಖಾನೆಗೆ ಸಮುದ್ರದಡಿಯಲ್ಲಿ ಅಮೋನಿಯ ತರುವ ಕೊಳವೆ ಸೋರಿತು. ಪೆರಿಯಕುಪ್ಪಂ ಸುತ್ತಿನ ಮೀನುಗಾರರು ಉಸಿರು ಕಟ್ಟಿ, ಮಕ್ಕಳನ್ನೆತ್ತಿಕೊಂಡು ಕತ್ತಲಲ್ಲಿ ಓಡಿದರು. ಅಮೋನಿಯ ಹಡಗಿನಲ್ಲಿ, ಫಾಸ್ಫೋರಿಕ್ ಆಮ್ಲ ಹಡಗಿನಲ್ಲಿ. ಎರಡೂ ಬೆರೆತ ನೀರನ್ನು ಅದೇ ನಗರ ದಿನವೂ ಅದೇ ಸಮುದ್ರಕ್ಕೆ ಬಿಡುತ್ತದೆ. ಬರುವುದಕ್ಕೊಂದು ಕೊಳವೆ, ಹೋಗುವುದಕ್ಕೊಂದು ಕೊಳವೆ, ಎರಡಕ್ಕೂ ಬೇರೆ ಬೇರೆ ಇಲಾಖೆ.

ಬೆಲೆಯ ಮಾತಿಗೆ ಬಂದರೆ, 2022ರ ಮುಂಗಾರಿನಲ್ಲಿ ಒಂದು ಡಿಎಪಿ ಮೂಟೆಗೆ ರೈತ ಕೊಟ್ಟದ್ದು 1350 ರೂಪಾಯಿ, ಸರ್ಕಾರ ಮೇಲೆ ಹಾಕಿದ ಸಬ್ಸಿಡಿ 2501 ರೂಪಾಯಿ. ಮಾವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರಿಗೆ ಅದು ಬೇಕು. ನನ್ನ ಕುತೂಹಲ ಇಷ್ಟೇ: ಮೂಟೆಗೆ 2501 ರೂಪಾಯಿಯಂತೆ ಹೊರಗಿನ ಕಲ್ಲಿಗೆ ಸುರಿದ ಕೈ, ಪೆರುಂಗುಡಿಯ ಹರಳಿಗೆ ನೂರು ರೂಪಾಯಿ ಕೊಡಲು ಯಾಕೆ ನಡುಗುತ್ತದೆ? ಮೊರಾಕ್ಕೊದ ಕಲ್ಲಿಗೆ ಜಾತಿ ಇಲ್ಲ. ನಮ್ಮ ಹರಳಿಗೆ ಇದೆ.

ಇದರಲ್ಲಿ ಸೂಕ್ಷ್ಮ ಬಹಳ. ಗೋಮೂತ್ರಕ್ಕೆ ಬಾಟಲಿ, ಲೇಬಲ್ಲು, ಎಂಆರ್‌ಪಿ ಇದೆ. ಮನುಷ್ಯನದ್ದೆಂದರೆ ಮೈಲಿಗೆ. ನಿತಿನ್ ಗಡ್ಕರಿಯವರು 2015ರಲ್ಲಿ, ದೆಹಲಿಯ ಬಂಗಲೆಯಲ್ಲಿ ತಾವು ಮೂತ್ರವನ್ನು ಕ್ಯಾನಿನಲ್ಲಿ ಕೂಡಿಟ್ಟು ಗಿಡಕ್ಕೆ ಹಾಕಿಸುವುದಾಗಿ ಹೇಳಿದರು. 2019ರಲ್ಲಿ, ವಿಮಾನ ನಿಲ್ದಾಣಗಳಲ್ಲಿ ಅದನ್ನು ಸಂಗ್ರಹಿಸಬೇಕು, ಇಡೀ ದೇಶದ್ದನ್ನು ಸಂಗ್ರಹಿಸಿದರೆ ಯೂರಿಯ ತರಿಸುವುದೇ ಬೇಡವೆಂದರು. ರಸಾಯನಶಾಸ್ತ್ರದ ಮಟ್ಟಿಗೆ ಮಂತ್ರಿಯೊಬ್ಬರು ಆಡಿದ ಅಪರೂಪದ ನೆಟ್ಟಗಿನ ಮಾತು. ದೇಶ ಬಿದ್ದು ಬಿದ್ದು ನಕ್ಕಿತು. ಮೊರಾರ್ಜಿಯವರನ್ನು, ಅಂದರೆ ಸ್ವಮೂತ್ರ ಕುಡಿಯುವ ಪ್ರಧಾನಿಯನ್ನು, ಸಹಿಸಿಕೊಂಡ ದೇಶಕ್ಕೆ ಗಿಡಕ್ಕೆ ಹಾಕುವ ಮಂತ್ರಿ ತಮಾಷೆಯಾಗಿ ಕಂಡ.

ಮುಟ್ಟಬಾರದ್ದು ಎಂದಮೇಲೆ ಮುಟ್ಟುವವರು ಯಾರಾದರೂ ಇರಬೇಕಲ್ಲ. ಅವರನ್ನು ಮಾತ್ರ ನಾವು ಯಾವ ಕಾಲಕ್ಕೂ ಹೊರದೇಶದಿಂದ ತರಿಸಿಕೊಂಡಿಲ್ಲ, ಈ ಬಾಬತ್ತಿನಲ್ಲಿ ಸಂಪೂರ್ಣ ಸ್ವಾವಲಂಬನೆ. ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದರ ವಿರುದ್ಧ ಹೋರಾಡಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರಲ್ಲಿ ನಿಷೇಧದ ಹೊಸ ಕಾಯ್ದೆಯೂ ಬಂತು. ಮ್ಯಾನ್‌ಹೋಲಿನೊಳಗೆ ಸಾಯುವುದು ನಿಲ್ಲಲಿಲ್ಲ, ಆ ಸಾವಿನ ಲೆಕ್ಕದಲ್ಲಿ ತಮಿಳುನಾಡು ಸದಾ ಮುಂಚೂಣಿಯಲ್ಲಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಚರಂಡಿಗೆ ಸಂಬಂಧಿಸಿದಂತೆ ಈ ದೇಶ ಖಚಿತವಾಗಿ ಬೆಲೆ ಕಟ್ಟಿರುವುದು ಸದ್ಯಕ್ಕೆ ಇದೊಂದಕ್ಕೇ.

ಜರ್ಮನಿಯಲ್ಲಿ 2017ರ ಆದೇಶವೊಂದಿದೆ. ಲಕ್ಷಕ್ಕಿಂತ ಹೆಚ್ಚು ಜನರ ಕೊಳಚೆ ಸಂಸ್ಕರಿಸುವ ಸ್ಥಾವರಗಳು 2029ರಿಂದ ರಂಜಕ ಹಿಂಪಡೆಯಲೇಬೇಕು, 50,000 ಮೀರಿದವು 2032ರಿಂದ. ಹನ್ನೆರಡು ವರ್ಷ ಮುಂಚೆಯೇ ಗಡುವು ಕೊಟ್ಟು ಕೂತಿದ್ದಾರೆ ಪಾಪ, ಸಾವಧಾನದ ಜನ. 2029 ನಮಗೂ ದೊಡ್ಡ ವರ್ಷವೇ, ಲೋಕಸಭೆ ಚುನಾವಣೆ ಇದೆ. ಅಷ್ಟರವರೆಗೆ ಮೂಟೆಯ ಬೆಲೆ ಏರದಂತೆ ನೋಡಿಕೊಂಡರೆ ಸಾಕು, ರಂಜಕ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಮತಗಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಶಾಯಿಯನ್ನೂ ಎಡಗೈಗೇ ಹಚ್ಚುತ್ತಾರೆ.